ಬಿಸಿ ಆದ್ಮೇಲೆ ಸ್ಟಾರ್ಟ್ ಆಗಲ್ಲ, ಯಾಕೆ? ಹಳೇ ಇಂಜೆಕ್ಷನ್ ಕಾರುಗಳ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೇ ಫ್ಯೂಯೆಲ್ ಇಂಜೆಕ್ಷನ್ ಕಾರುಗಳದ್ದೇ (ಕಾರ್ಬುರೇಟರ್ ಬದಲು ಇಂಜೆಕ್ಟರಿಂದ ಪ್ರೆಶರಲ್ಲಿ ಪೆಟ್ರೋಲ್ ಸಿಂಪಡಿಸೋ ಕಾರುಗಳು), ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದ್ದೀನಿ. ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಬರೆದವರೆಲ್ಲ ಪ್ಲಗ್ ಬದಲಾಯಿಸಿದ್ವಿ, ಪಂಪ್ ಬದಲಾಯಿಸಿದ್ವಿ, ಸೆನ್ಸರ್ ಬದಲಾಯಿಸಿದ್ವಿ ಅಂತ ಪಟ್ಟಿ ಕಳಿಸಿದ್ದೀರ, ಆದ್ರೆ ಪೆಟ್ರೋಲ್ ಪ್ರೆಶರ್ ಎಷ್ಟಿತ್ತು, ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು, ಸ್ಟಾರ್ಟ್ ಆಗದೇ ಇದ್ದಾಗ ಸ್ಪಾರ್ಕ್ ಇತ್ತಾ ಇಲ್ವಾ, ಇದನ್ನ ಒಬ್ರೂ ಬರೆದಿಲ್ಲ. ನಿಮ್ಮ ತಪ್ಪು ಅಂತಲ್ಲ, ನಿಮ್ಮ ಕಾರಲ್ಲಿ ಯಾರೂ ಅಳೆದೇ ನೋಡಿಲ್ಲ, ಅಷ್ಟೇ. ಇಂಜೆಕ್ಷನ್ ಕಾರು ಅಂದಾಜಿನ ಮೇಲೆ ರಿಪೇರಿ ಆಗಲ್ಲ. ಒಂದು ಪ್ರೆಶರ್ ಗೇಜ್, ಒಂದು ಮಲ್ಟಿಮೀಟರ್ ಇದ್ರೆ ಕೆಳಗಿನ ಮುಕ್ಕಾಲು ಪಾಲು ಸಮಸ್ಯೆ ಒಂದು ಬೆಳಿಗ್ಗೆಯಲ್ಲಿ ಗೊತ್ತಾಗ್ಬಿಡುತ್ತೆ.

ಪ್ರಶ್ನೆ: ನಮ್ಮ ಮನೆಯಲ್ಲಿ 1983ರ ಮರ್ಸಿಡಿಸ್ 230ಇ ಉಂಟು, ಅಪ್ಪ ಕುವೈತಿನ ಕೆಲಸ ಬಿಟ್ಟು ಬರುವಾಗ ತಂದದ್ದು, ಈಗಲೂ ಎಡಗಡೆ ಸ್ಟೀರಿಂಗೇ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ, ಓಡುವಾಗ ಏನೂ ತೊಂದರೆ ಇಲ್ಲ. ಆದ್ರೆ ಮಣಿಪಾಲಕ್ಕೆ ಹೋಗಿ ಇಪ್ಪತ್ತು ನಿಮಿಷ ನಿಲ್ಲಿಸಿ ಬಂದ್ರೆ ಮತ್ತೆ ಸ್ಟಾರ್ಟ್ ಆಗುವುದೇ ಕಷ್ಟ, ಹತ್ತು ಹದಿನೈದು ಸಲ ಸೆಲ್ಫ್ ಹೊಡೀಬೇಕು, ಆಮೇಲೆ ಮೂರೇ ಸಿಲಿಂಡರಲ್ಲಿ ಓಡಿದ ಹಾಗೆ ನಡುಗಿ ಮತ್ತೆ ಸರಿಯಾಗ್ತದೆ. ಪ್ಲಗ್, ವಯರ್, ಕ್ಯಾಪ್, ರೋಟರ್ ಎಲ್ಲ ಹೊಸತು ಹಾಕಿ ಆಯ್ತು. ಈಗ ಗ್ಯಾರೇಜಿನವರು ಈ ಇಂಜೆಕ್ಷನ್ ಸಹವಾಸವೇ ಬೇಡ, ತೆಗೆದು ಕಾರ್ಬುರೇಟರ್ ಹಾಕುವ ಅಂತಾರೆ. ಹಾಕಿಸಬಹುದಾ? – ಉಡುಪಿಯ ಓದುಗರು

ಉತ್ತರ: ದಯವಿಟ್ಟು ಹಾಕಿಸ್ಬೇಡಿ. ಇದನ್ನ ಬೇಡ್ಕೊಂಡೇ ಹೇಳ್ತಿದ್ದೀನಿ ಅಂದ್ಕೊಳ್ಳಿ. ಹೀಗೆ ಕಿತ್ತ ಇಂಜೆಕ್ಷನ್ ಭಾಗಗಳು ಗ್ಯಾರೇಜಿನ ಮೂಲೇಲಿ ಗೋಣಿಚೀಲದಲ್ಲಿ ಬಿದ್ದಿರೋದನ್ನ ನೋಡಿದ್ದೀನಿ, ಒಂದ್ಸಲ ಕಿತ್ತ ಮೇಲೆ ವಾಪಸ್ ಹಾಕೋರು ಯಾರೂ ಇರಲ್ಲ, ಆ ಕಾರು ಮತ್ತೆ ಮೊದ್ಲಿನ ಥರ ಓಡಿದ್ದೂ ಇಲ್ಲ. ನೀವು ಬರೆದಿರೋ ಲಕ್ಷಣ ನೋಡಿದ್ರೆ ನಿಮ್ಮ ಇಂಜೆಕ್ಷನ್ ಕೆಟ್ಟೇ ಇಲ್ಲ, ಅದರ ಒಂದು ಚಿಕ್ಕ ಭಾಗ ಸುಸ್ತಾಗಿದೆ.

ನಿಮ್ಮ ಕಾರಲ್ಲಿರೋದು ಬಾಷ್‌ನ ಕೆ-ಜೆಟ್ರಾನಿಕ್ ಅನ್ನೋ ಇಂಜೆಕ್ಷನ್, 1973ರಲ್ಲಿ ಬಂದಿದ್ದು. ಈ ಕೆ ಅಂದ್ರೆ ಜರ್ಮನ್ ಭಾಷೇಲಿ ನಿರಂತರ ಅನ್ನೋ ಪದದ ಮೊದಲ ಅಕ್ಷರ. ಈಗಿನ ಕಾರುಗಳ ಥರ ಇಂಜೆಕ್ಟರ್ ಟಕಟಕ ಅಂತ ತೆರೆದು ಮುಚ್ಚಲ್ಲ, ಎಂಜಿನ್ ಓಡ್ತಿರೋವಾಗ ಪೆಟ್ರೋಲ್ ನಿಲ್ಲದೇ ಸಿಂಪಡಿಸ್ತಾನೇ ಇರುತ್ತೆ. ಎಷ್ಟು ಸಿಂಪಡಿಸ್ಬೇಕು ಅಂತ ತೀರ್ಮಾನ ಮಾಡೋಕೆ ಕಂಪ್ಯೂಟರೂ ಇಲ್ಲ. ಏರ್ ಫಿಲ್ಟರ್ ಕೆಳಗೆ ತಟ್ಟೆ ಥರ ಒಂದು ಪ್ಲೇಟ್ ಇದೆ, ಎಂಜಿನ್ ಗಾಳಿ ಎಳೆದಷ್ಟೂ ಆ ಪ್ಲೇಟ್ ಸರಿಯುತ್ತೆ, ಅದರ ಸನ್ನೆಗೋಲು ಫ್ಯೂಯೆಲ್ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲಂಜರನ್ನ ಮೇಲೆತ್ತುತ್ತೆ, ಅಷ್ಟು ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಹೋಗುತ್ತೆ. ತಕ್ಕಡಿ ಥರದ ಕೆಲಸ, ನನಗಂತೂ ಪ್ರತಿ ಸಲ ಬಿಚ್ಚಿದಾಗಲೂ ಸಂತೋಷ ಆಗುತ್ತೆ. ಆದ್ರೆ ಇಡೀ ವ್ಯವಸ್ಥೆ ನಿಂತಿರೋದು ಪ್ರೆಶರ್ ಮೇಲೆ. ಪಂಪಿಂದ ಬರೋ ಸಿಸ್ಟಂ ಪ್ರೆಶರ್ ಸುಮಾರು 5 ಬಾರ್ (ಬಾರ್ ಅಂದ್ರೆ ಪ್ರೆಶರಿನ ಅಳತೆ) ಇರ್ಬೇಕು. ಎಂಜಿನ್ ಬಿಸಿಯಾದ ಮೇಲೆ ವಾರ್ಮ್ ಅಪ್ ರೆಗ್ಯುಲೇಟರ್ ಕೊಡೋ, ಪ್ಲಂಜರನ್ನ ಮೇಲಿಂದ ಒತ್ತೋ ಕಂಟ್ರೋಲ್ ಪ್ರೆಶರ್ ಮೂರೂವರೆ ಬಾರ್ ಹತ್ರ ಇರ್ಬೇಕು. ಮೂರನೇದೊಂದಿದೆ, ನಿಮ್ಮ ಸಮಸ್ಯೆ ಇರೋದು ಅಲ್ಲೇ: ಎಂಜಿನ್ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಉಳಿಯೋ ಪ್ರೆಶರ್.

ಬಿಸಿ ಎಂಜಿನ್ ನಿಲ್ಲಿಸಿದಾಗ ಗಾಳಿ ಆಡೋದು ನಿಂತು ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತೆ, ಇಪ್ಪತ್ತು ನಿಮಿಷದ ಹೊತ್ತಿಗೆ ಅತೀ ಜಾಸ್ತಿ ಇರುತ್ತೆ. ಪೈಪಿನಲ್ಲಿ ಪ್ರೆಶರ್ ಇದ್ರೆ ಪೆಟ್ರೋಲ್ ಪೆಟ್ರೋಲಾಗೇ ಇರುತ್ತೆ. ಪ್ರೆಶರ್ ಇಳಿದುಹೋದ್ರೆ ಕುದ್ದು ಆವಿ ಆಗುತ್ತೆ, ಆಮೇಲೆ ನೀವು ಸೆಲ್ಫ್ ಹೊಡೆದಷ್ಟೂ ಇಂಜೆಕ್ಟರಿಂದ ಬರೋದು ಬರೀ ಆವಿ. ಆ ಆವಿ ತಳ್ಳಿಹೋಗೋ ತನಕ ಎಂಜಿನ್ ನಡುಗ್ತಾನೇ ಇರುತ್ತೆ. ಬೆಳಿಗ್ಗೆ ಯಾಕೆ ತೊಂದರೆ ಇಲ್ಲ ಅಂದ್ರೆ ತಣ್ಣಗಿರೋ ಪೈಪಲ್ಲಿ ಆವಿ ಇರಲ್ಲ, ಜೊತೆಗೆ ಕೋಲ್ಡ್ ಸ್ಟಾರ್ಟ್ ವಾಲ್ವ್ ಹೆಚ್ಚಿಗೆ ಪೆಟ್ರೋಲ್ ಹಾಕುತ್ತೆ.

ಖರ್ಚಿಲ್ಲದೆ ಮೊದಲು ಒಂದು ಪರೀಕ್ಷೆ ಮಾಡಿ. ಬಿಸಿ ಇದ್ದಾಗ ಸೆಲ್ಫ್ ಹೊಡೆಯೋ ಮೊದಲು ಕೀ ಆನ್ ಮಾಡಿ ಕಿವಿಗೊಡಿ, ಹಿಂದಿನ ಸೀಟಿನ ಅಡಿ ಕಡೆಯಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದ್ರೆ ಆಫ್ ಮಾಡಿ ಮತ್ತೆ ಆನ್ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ಬೇಗ ಸ್ಟಾರ್ಟ್ ಆಯ್ತು ಅಂದ್ರೆ ನಾನು ಹೇಳಿದ್ದೇ ಕಾರಣ.

ಆಮೇಲೆ ಗೇಜ್. ಹೋದ ಮಳೆಗಾಲದಲ್ಲಿ ಇಂಥದ್ದೇ ಒಂದು ಬಿಳಿ 230ಇ ನನ್ನ ಹತ್ರ ಬಂದಿತ್ತು, ಅವರೂ ಕಾರ್ಬುರೇಟರ್ ಹಾಕಿಸೋಣ ಅಂತಲೇ ಬಂದೋರು. ಫ್ಯೂಯೆಲ್ ಡಿಸ್ಟ್ರಿಬ್ಯೂಟರಿಗೂ ವಾರ್ಮ್ ಅಪ್ ರೆಗ್ಯುಲೇಟರಿಗೂ ಮಧ್ಯೆ ಗೇಜ್ ಕಟ್ಟಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ ಮಾಲೀಕರನ್ನೇ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂರಿಸ್ಕೊಂಡೆ. ಮುಳ್ಳು ಮೂರಕ್ಕೆ ಬಂದು ಒಂದು ಕ್ಷಣ ನಿಂತು, ಆಮೇಲೆ ಗಡಿಯಾರದ ದೊಡ್ಡ ಮುಳ್ಳಿನ ಥರ ಕಣ್ಣಿಗೆ ಕಾಣೋ ಹಾಗೆ ಇಳೀತಾ ಹೋಯ್ತು, ನಾಲ್ಕು ನಿಮಿಷಕ್ಕೆ ಸೊನ್ನೆ. ಸರಿಯಾಗಿರೋ ಕಾರಲ್ಲಿ ಅರ್ಧ ಗಂಟೆ ಆದ್ರೂ ಎರಡೂವರೆ ಬಾರ್ ಆಸುಪಾಸಿನಲ್ಲಿ ನಿಲ್ಲುತ್ತೆ. ಅವರು ಆ ಮುಳ್ಳನ್ನ ನೋಡಿದ ಮೇಲೆ ಕಾರ್ಬುರೇಟರ್ ಮಾತೇ ಎತ್ತಲಿಲ್ಲ.

ಪ್ರೆಶರ್ ಎಲ್ಲಿಂದ ಸೋರ್ತಿದೆ ಅಂತ ಹುಡುಕೋಕೆ ದಾರಿ ಇದೆ. ಡಿಸ್ಟ್ರಿಬ್ಯೂಟರಿಂದ ಟ್ಯಾಂಕಿಗೆ ವಾಪಸ್ ಹೋಗೋ ರಬ್ಬರ್ ಹೋಸನ್ನ ಕ್ಲಾಂಪ್‌ನಿಂದ ಹಿಸುಕಿ, ಪ್ರೆಶರ್ ನಿಂತರೆ ಡಿಸ್ಟ್ರಿಬ್ಯೂಟರ್ ಒಳಗಿನ ಪ್ರೆಶರ್ ರೆಗ್ಯುಲೇಟರಿನ ಓ ರಿಂಗ್ ಹೋಗಿದೆ, ಅಗ್ಗದ ಕೆಲಸ. ನಿಲ್ಲಲಿಲ್ಲ ಅಂದ್ರೆ ಕಾರಿನ ಅಡಿ ಹೋಗಿ, ಹಿಂದಿನ ಆಕ್ಸಲ್ ಹತ್ರ ಪಂಪ್ ಪಕ್ಕದಲ್ಲೇ ಟಿನ್ ಡಬ್ಬಿ ಥರ ಇರೋದು ಅಕ್ಯುಮುಲೇಟರ್ (ಆಫ್ ಆದ್ಮೇಲೂ ಪ್ರೆಶರ್ ಹಿಡಿದಿಡೋದು ಇದೇ), ಅದರ ಹಿಂಬದಿ ತುದಿಗೆ ಸಣ್ಣ ಹೋಸ್ ಇರುತ್ತೆ, ಅದನ್ನ ಬಿಚ್ಚಿ ಪಂಪ್ ಓಡಿಸಿದಾಗ ಡಬ್ಬಿಯ ಆ ತೂತಿಂದ ಪೆಟ್ರೋಲ್ ಬಂದ್ರೆ ಒಳಗಿನ ಡಯಾಫ್ರಂ, ಅಂದ್ರೆ ರಬ್ಬರ್ ಪರದೆ, ಹರಿದಿದೆ ಅಂತಲೇ ಅರ್ಥ, ಡಬ್ಬಿ ಬದಲಾಯಿಸ್ಬೇಕು. ಅಲ್ಲೂ ಒಣಗಿದ್ರೆ ಪಂಪಿನ ತುದಿಯಲ್ಲಿ ಪೆಟ್ರೋಲ್ ಹಿಂದಕ್ಕೆ ಹೋಗದ ಹಾಗೆ ತಡೆಯೋ ಚೆಕ್ ವಾಲ್ವ್, ಅದೊಂದನ್ನೇ ಬದಲಾಯಿಸ್ಬಹುದು, ಇಡೀ ಪಂಪ್ ಬೇಡ. ಇವೆರಡೂ ಸರಿ ಇದ್ರೆ ಕೋಲ್ಡ್ ಸ್ಟಾರ್ಟ್ ವಾಲ್ವ್ ತೊಟ್ಟಿಕ್ತಿದೆಯಾ, ಇಂಜೆಕ್ಟರ್ ತೊಟ್ಟಿಕ್ತಿದೆಯಾ ಅಂತ ಹೊರಗೆ ತೆಗೆದು ನೋಡ್ಬೇಕು. ಈ ಕೆಲಸ ತಣ್ಣಗಿರೋ ಎಂಜಿನ್ ಮೇಲೇ ಮಾಡಿ, ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆ ಸಿಗೋ ಹಾಗೆ ಇರ್ಲಿ, ಬೀಡಿ ಸೇದೋರು ಯಾರೇ ಇದ್ರೂ ಹೊರಗೆ ಕಳಿಸಿ.

ಇನ್ನೊಂದು ಮಾತು. ಐಡ್ಲಿಂಗಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಎಂಜಿನ್ ತಡವರಿಸ್ಬೇಕು, ಇಲ್ಲಾ ನಿಂತೇ ಹೋಗ್ಬೇಕು, ಯಾಕಂದ್ರೆ ಪ್ಲೇಟಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತೆ. ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಆಗ್ಲೇ ಬೇರೆಲ್ಲೋ ಗಾಳಿ ಸೋರ್ತಿದೆ, ನಲವತ್ತು ವರ್ಷದ ಕಾರಲ್ಲಿ ಇಂಜೆಕ್ಟರ್ ಸುತ್ತಲಿನ ರಬ್ಬರ್ ಸೀಲುಗಳು ಪ್ಲಾಸ್ಟಿಕ್ ಥರ ಗಟ್ಟಿಯಾಗಿರ್ತವೆ, ಅಲ್ಲಿಂದ ಶುರು ಮಾಡಿ. ಇದೆಲ್ಲ ಆಗೋ ತನಕ 3 ಎಂಎಂ ಅಲೆನ್ ಕೀ ಹಾಕಿ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ತಿರುಗಿಸೋಕೆ ಯಾರಿಗೂ ಬಿಡ್ಬೇಡಿ, ಸೋರ್ತಿರೋ ಕಾರಲ್ಲಿ ಅದನ್ನ ತಿರುಗಿಸಿದ್ರೆ ಆಮೇಲೆ ಸೋರೋದು ನಿಲ್ಲಿಸಿದ ಮೇಲೂ ಕಾರು ಸರಿ ಓಡಲ್ಲ, ಎರಡು ರೋಗ ಆಗ್ಬಿಡುತ್ತೆ.

ಪ್ರಶ್ನೆ: ನನ್ನ 2001ರ ಹೋಂಡಾ ಸಿಟಿ ಬೇಸಿಗೆಯಲ್ಲಿ ಮಾತ್ರ ಕೈ ಕೊಡುತ್ತೆ. ಮಧ್ಯಾಹ್ನ ಕಾಲೇಜಿನ ಹೊರಗೆ ಬಿಸಿಲಲ್ಲಿ ನಿಂತಿದ್ರೆ ಸೆಲ್ಫ್ ಚೆನ್ನಾಗಿ ತಿರುಗುತ್ತೆ ಆದ್ರೆ ಸ್ಟಾರ್ಟ್ ಆಗಲ್ಲ. ಎಲ್ಲಾ ಬಾಗಿಲು ತೆಗೆದು ಅರ್ಧ ಗಂಟೆ ಕಾದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ. ಎರಡು ಸಲ ಪೆಟ್ರೋಲ್ ಪಂಪ್ ಬದಲಾಯಿಸಿದ್ದಾರೆ. – ಮೈಸೂರಿನ ಓದುಗರು

ಉತ್ತರ: ಮೇಡಂ, ಬಾಗಿಲು ತೆಗೆದಿಟ್ರೆ ಸರಿ ಹೋಗುತ್ತೆ ಅಂತ ಬರೆದ್ರಲ್ಲ, ಅದೇ ದೊಡ್ಡ ಸುಳಿವು. ತೊಂದರೆ ಬಾನೆಟ್ ಒಳಗಿಲ್ಲ, ಕ್ಯಾಬಿನ್ ಒಳಗಿದೆ. ಆ ಕಾಲದ ಹೋಂಡಾಗಳಲ್ಲಿ ಡ್ಯಾಶ್‌ಬೋರ್ಡ್ ಅಡಿ ಮೇನ್ ರಿಲೇ ಅಂತ ಒಂದು ಪುಟ್ಟ ಡಬ್ಬಿ ಇರುತ್ತೆ, ಇಂಜೆಕ್ಷನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಅದರ ಮೂಲಕವೇ ಹೋಗ್ಬೇಕು. ವರ್ಷಗಟ್ಟಲೆ ಬಿಸಿ ಆಗಿ ತಣ್ಣಗಾಗಿ ಒಳಗಿನ ಸೋಲ್ಡರಿಂಗ್ ಸುತ್ತ ಕೂದಲೆಳೆಯಷ್ಟು ಬಿರುಕು ಬರುತ್ತೆ, ಬಿಸಿಲಿಗೆ ಕ್ಯಾಬಿನ್ ಕಾದಾಗ ಬಿರುಕು ಅಗಲ ಆಗಿ ಪಂಪಿಗೆ ಕರೆಂಟ್ ತಪ್ಪುತ್ತೆ, ತಣ್ಣಗಾದ್ರೆ ಮತ್ತೆ ಕೂಡ್ಕೊಳ್ಳುತ್ತೆ. ಪಂಪ್ ಎಷ್ಟು ಸಲ ಬದಲಾಯಿಸಿದ್ರೂ ಇದು ಹೋಗಲ್ಲ.

ಮುಂದಿನ ಸಲ ನಿಂತಾಗ ಹೀಗೆ ನೋಡಿ. ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ. ಚೆಕ್ ಎಂಜಿನ್ ಲೈಟ್ ಎರಡು ಸೆಕೆಂಡ್ ಹತ್ತಿ ಆರ್ಬೇಕು, ಅದೇ ಹೊತ್ತಲ್ಲಿ ಹಿಂದಿನ ಸೀಟ್ ಕಡೆಯಿಂದ ಪಂಪ್ ಸದ್ದು ಬರ್ಬೇಕು. ಸದ್ದು ಬರ್ಲಿಲ್ಲ ಅಂದ್ರೆ ರಿಲೇ ಮೇಲೇ ನನ್ನ ಅನುಮಾನ. ಸದ್ದು ಬಂದೂ ಸ್ಟಾರ್ಟ್ ಆಗ್ಲಿಲ್ಲ, ಸೆಲ್ಫ್ ಹೊಡೀವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲ್ಲಾಡಲಿಲ್ಲ ಅಂದ್ರೆ ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ (ಸ್ಪಾರ್ಕ್ ಹುಟ್ಟಿಸೋ ಎಲೆಕ್ಟ್ರಾನಿಕ್ ಭಾಗ) ನೋಡಿಸಿ, ಅದೂ ಬಿಸಿಗೆ ಸೋಲೋ ವಸ್ತುವೇ. ರಿಲೇ ಅಂತ ಗೊತ್ತಾದ್ರೆ ಯಾರಾದ್ರೂ ಟಿವಿ ರಿಪೇರಿ ಮಾಡೋರ ಹತ್ರ ಕೊಡಿ, ಮುಚ್ಚಳ ತೆಗೆದು ಲೆನ್ಸ್ ಹಿಡಿದು ನೋಡಿದ್ರೆ ಪಿನ್ ಸುತ್ತ ಉಂಗುರದ ಥರ ಕಪ್ಪು ಗೆರೆ ಕಾಣುತ್ತೆ, ಹಳೇ ಸೋಲ್ಡರ್ ಎಳೆದು ತೆಗೆದು ಹೊಸದು ಹಾಕೋಕೆ ಹತ್ತು ನಿಮಿಷದ ಕೆಲಸ. ಎರಡು ಪಂಪಿಗೆ ಕೊಟ್ಟ ದುಡ್ಡು ನೆನೆಸ್ಕೊಂಡ್ರೆ ನನಗೇ ಹೊಟ್ಟೆ ಉರಿಯುತ್ತೆ.

ನೆನಪಿರ್ಲಿ, ಈ ಕಾರಿನಲ್ಲಿ ತಪ್ಪಿನ ಕೋಡ್ ಓದೋಕೆ ಸ್ಕ್ಯಾನರೇ ಬೇಕು ಅಂತಿಲ್ಲ. ಗ್ಲೋವ್ ಬಾಕ್ಸ್ ಕಡೆ ಕೆಳಗೆ ಎರಡು ಪಿನ್ನಿನ ಒಂದು ಕನೆಕ್ಟರ್ ಸುಮ್ನೆ ನೇತಾಡ್ತಿರುತ್ತೆ, ಎರಡನ್ನೂ ಒಂದು ವಯರಿಂದ ಸೇರಿಸಿ ಕೀ ಆನ್ ಮಾಡಿದ್ರೆ ಚೆಕ್ ಎಂಜಿನ್ ಲೈಟ್ ಮಿನುಗುತ್ತೆ. ಉದ್ದ ಮಿನುಗಿದ್ದು ಹತ್ತು, ಗಿಡ್ಡ ಮಿನುಗಿದ್ದು ಒಂದು. ಆರು ಗಿಡ್ಡ ಬಂದ್ರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ನೀರಿನ ಬಿಸಿ ಅಳೆಯೋದು), ಏಳು ಬಂದ್ರೆ ಥ್ರಾಟಲ್ ಪೊಸಿಶನ್ ಸೆನ್ಸರ್ (ಗಾಳಿ ಬಾಗಿಲು ಎಷ್ಟು ತೆರೆದಿದೆ ಅಂತ ಹೇಳೋದು). ಕೋಡ್ ಬಂತು ಅಂತ ಸೀದಾ ಸೆನ್ಸರ್ ತರೋಕೆ ಹೋಗ್ಬೇಡಿ, ಮೊದ್ಲು ಅದಕ್ಕೆ ಹೋಗೋ ವಯರ್, ಕನೆಕ್ಟರ್ ನೋಡಿ.

ಪ್ರಶ್ನೆ: 2002ರ ಎಸ್ಟೀಮ್ ಐತ್ರಿ, ಎಂಪಿಎಫ್ಐ. ಐಡ್ಲಿಂಗ್ ಸಾವಿರದ ಇನ್ನೂರರಿಂದ ಕೆಳಗ ಬರೂದಿಲ್ಲ, ಸೈಲೆನ್ಸರಿನಾಗ ಕಪ್ಪ ಮಸಿ, ಹದಿನಾಕ ಕೊಡ್ತಿದ್ದ ಮೈಲೇಜ್ ಈಗ ಒಂಬತ್ತು. ಪ್ಲಗ್, ಫಿಲ್ಟರ್, ಆಕ್ಸಿಜನ್ ಸೆನ್ಸರ್ ಬದಲಿ ಮಾಡೀನಿ. ಆರ ತಿಂಗಳ ಹಿಂದ ರೇಡಿಯೇಟರ್ ಕೆಲಸ ಮಾಡಿಸಿದಾಗಿಂದ ಶುರು ಆಗೈತಿ ಅನಸ್ತೈತಿ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದೇನ್ರಿ? – ಹುಬ್ಬಳ್ಳಿಯ ಓದುಗರು

ಉತ್ತರ: ಇದೆ ಸರ್, ಪೂರ್ತಿ ಸಂಬಂಧ ಇದೆ, ನೀವೇ ಸರಿಯಾಗಿ ಹಿಡಿದಿದ್ದೀರ. ಒಂದು ಕೆಲಸ ಮಾಡಿ, ಹದಿನೈದು ಕಿಲೋಮೀಟರ್ ಓಡಿಸಿ ಟೆಂಪರೇಚರ್ ಮುಳ್ಳು ಎಲ್ಲಿದೆ ನೋಡಿ. ಮಧ್ಯಕ್ಕೆ ಬರದೆ ಕೆಳಗೇ ಇದ್ರೆ ರೇಡಿಯೇಟರ್ ಕೆಲಸದಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋ ತನಕ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆಯೋ ವಾಲ್ವ್) ತೆಗೆದು ಬಿಸಾಕಿದ್ದಾರೆ. ನಮ್ಮ ಊರ ಬಿಸಿಲಿಗೆ ಇದು ಬೇಡ, ಎಂಜಿನ್ ತಂಪಾಗಿರ್ಲಿ ಅಂತ ತೆಗೆಯೋದು ಹಳೇ ರೂಢಿ, ಕಾರ್ಬುರೇಟರ್ ಕಾಲದಿಂದ ಬಂದಿದ್ದು. ಇಂಜೆಕ್ಷನ್ ಕಾರಿಗೆ ಅದು ವಿಷ.

ಯಾಕೆ ಅಂದ್ರೆ ಎಷ್ಟು ಪೆಟ್ರೋಲ್ ಹಾಕ್ಬೇಕು ಅಂತ ಕಂಪ್ಯೂಟರ್ ನಿರ್ಧಾರ ಮಾಡೋವಾಗ ಕೂಲೆಂಟ್ ಸೆನ್ಸರನ್ನೂ ಕೇಳುತ್ತೆ. ನೀರು ತಣ್ಣಗಿದೆ ಅಂತ ಸೆನ್ಸರ್ ಹೇಳ್ತಾ ಇದ್ರೆ ಅದು ಇನ್ನೂ ಬೆಳಗಿನ ಚಳಿ ಅಂದ್ಕೊಂಡು ಜಾಸ್ತಿ ಪೆಟ್ರೋಲ್ ಹಾಕುತ್ತೆ, ಐಡ್ಲಿಂಗೂ ಏರಿಸಿ ಇಡುತ್ತೆ, ದಿನವಿಡೀ ಚೋಕ್ ಎಳೆದು ಓಡಿಸಿದ ಹಾಗೆ. ಕಪ್ಪು ಮಸಿ, ಮೈಲೇಜ್ ಎಲ್ಲ ಅದರಿಂದಲೇ. ಹೊಸ ಥರ್ಮೋಸ್ಟಾಟ್ ತಂದು ಹಾಕೋ ಮೊದಲು ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ, 80ರಿಂದ 90 ಡಿಗ್ರಿ ನಡುವೆ ಬಾಯಿ ತೆರೀಬೇಕು.

ಮುಳ್ಳು ಮಧ್ಯದಲ್ಲೇ ಇದೆ ಅಂದ್ರೆ ಸೆನ್ಸರ್ ಸುಳ್ಳು ಹೇಳ್ತಿರ್ಬಹುದು, ಡ್ಯಾಶ್‌ಬೋರ್ಡ್ ಮುಳ್ಳಿಗೂ ಕಂಪ್ಯೂಟರಿಗೂ ಬೇರೆ ಬೇರೆ ಸೆನ್ಸರ್ ಇರೋ ಕಾರುಗಳೂ ಇವೆ. ಕನೆಕ್ಟರ್ ಬಿಚ್ಚಿ ಮೀಟರ್ ಹಿಡೀರಿ, 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್ ಆಸುಪಾಸು, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಬರ್ಬೇಕು. ಅದೂ ಸರಿ ಇದ್ರೆ ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರಿಗೆ ಹೋಗೋ ಸಣ್ಣ ವ್ಯಾಕ್ಯೂಮ್ ಹೋಸ್ ಕಿತ್ತು ಮೂಸಿ ನೋಡಿ. ಒಳಗೆ ಒದ್ದೆ ಇದ್ರೆ, ಪೆಟ್ರೋಲ್ ವಾಸನೆ ಬಂದ್ರೆ ರೆಗ್ಯುಲೇಟರ್ ಡಯಾಫ್ರಂ ಹರಿದು ಪೆಟ್ರೋಲ್ ಸೀದಾ ಎಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡಿಗೆ ಹೋಗ್ತಿದೆ. ನೀವು ಹಾಕಿಸಿದ ಆಕ್ಸಿಜನ್ ಸೆನ್ಸರ್ ಮಸಿ ಹಿಡಿದಿರುತ್ತೆ, ಎಸೀಬೇಡಿ, ಮಿಕ್ಸ್ಚರ್ ಸರಿ ಆದ್ಮೇಲೆ ಹೈವೇಲಿ ಒಂದು ಗಂಟೆ ಓಡಿಸಿದ್ರೆ ತಾನೇ ಸುಟ್ಟು ಸ್ವಚ್ಛ ಆಗೋ ಸಾಧ್ಯತೆ ಇದೆ.

ಪ್ರಶ್ನೆ: 1995ರ ಮರ್ಸಿಡಿಸ್ ಇ220, ಪುಣೆಯಲ್ಲಿ ಜೋಡಿಸಿದ ಮೊದಲ ವರ್ಷದ ಗಾಡಿ. ಒಂದು ದಿನ ಮಿಸ್ ಫೈರ್, ಇನ್ನೊಂದು ದಿನ ಐಡ್ಲಿಂಗ್ ಏರಿಳಿತ, ಮೂರನೇ ದಿನ ಎಲ್ಲಾ ಸರಿ. ಪ್ರತಿ ಸಲ ಬೇರೆ ಸೆನ್ಸರ್ ಕೆಟ್ಟಿದೆ ಅಂತಾರೆ. – ಬೆಂಗಳೂರಿನ ಓದುಗರು

ಉತ್ತರ: ಪ್ರತಿ ಸಲ ಬೇರೆ ಬೇರೆ ಸೆನ್ಸರ್ ಕೆಡ್ತಿದೆ ಅಂದ್ರೆ ಸಾಮಾನ್ಯವಾಗಿ ಸೆನ್ಸರ್ ಯಾವುದೂ ಕೆಟ್ಟಿರಲ್ಲ, ಎಲ್ಲದಕ್ಕೂ ಹೋಗೋ ವಯರಿಂಗ್ ಕೆಟ್ಟಿರುತ್ತೆ. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಎಂಜಿನ್ ವಯರಿಂಗಿನಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ, ವಯರ್ ಮೇಲಿನ ಹೊದಿಕೆ ಎಂಜಿನ್ ಬಿಸಿಗೆ ಒಣಗಿ ಪುಡಿ ಆಗುತ್ತೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಇಂಜೆಕ್ಟರ್ ಹತ್ರ ಕಪ್ಪು ಸ್ಲೀವ್ ಸ್ವಲ್ಪ ಹಿಂದೆ ಸರಿಸಿ ಒಳಗಿನ ಒಂದು ವಯರನ್ನ ಮೆಲ್ಲಗೆ ಬಗ್ಗಿಸಿ. ಹಪ್ಪಳ ಮುರಿದ ಹಾಗೆ ಚೂರು ಚೂರಾಗಿ ಉದುರಿದ್ರೆ ಬೇರೆ ಪರೀಕ್ಷೆಯೇ ಬೇಡ.

ಅದು ಕಂಡ ಮೇಲೆ ಕಾರು ಓಡಿಸ್ಬೇಡಿ. ಬರೀ ತಾಮ್ರ ಒಂದಕ್ಕೊಂದು ತಾಗಿದ್ರೆ ಕಂಪ್ಯೂಟರ್ ಸುಟ್ಟುಹೋಗ್ಬಹುದು, ವಯರಿಂಗ್ ಖರ್ಚಿಗಿಂತ ಅದು ಬಹಳ ದೊಡ್ಡದು. ಟೇಪ್ ಸುತ್ತಿ ಕೊಡ್ತೀವಿ ಅಂದ್ರೆ ಒಪ್ಬೇಡಿ, ಸುತ್ತೋವಾಗಲೇ ಇನ್ನೆರಡು ಕಡೆ ಉದುರುತ್ತೆ. ಹಳೇ ಕನೆಕ್ಟರುಗಳನ್ನ ಉಳಿಸ್ಕೊಂಡು ಬಿಸಿ ತಡೆಯೋ ಹೊಸ ವಯರಲ್ಲಿ ಇಡೀ ಹಾರ್ನೆಸ್ (ವಯರಿಂಗ್ ಕಟ್ಟು) ಕಟ್ಟಿಕೊಡೋರು ಇದ್ದಾರೆ, ಬಣ್ಣ, ಉದ್ದ, ಪಿನ್ ನಂಬರ್ ಎಲ್ಲ ಬರೆದಿಟ್ಕೊಂಡು ಮಾಡೋರ ಹತ್ರ ಕೊಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಒಳಗಿನ ವಯರಿಗೂ ಇದೇ ಕಾಯಿಲೆ ಬರುತ್ತೆ, ಅದನ್ನೂ ಅದೇ ಸಲ ಬಿಚ್ಚಿ ನೋಡಿಸ್ಬಿಡಿ.

ಪ್ರಶ್ನೆ: ಇ20 ಪೆಟ್ರೋಲ್ ಬಂದ್ಮೇಲೆ ನನ್ನ ಹಳೇ ಇಂಜೆಕ್ಷನ್ ಕಾರು ಪಿಕಪ್‌ನಲ್ಲಿ ತಡವರಿಸುತ್ತೆ ಅನ್ನಿಸ್ತಿದೆ. ಭ್ರಮೆನಾ ಅಥವಾ ನಿಜಾನಾ? – ದಾವಣಗೆರೆಯ ಓದುಗರು

ಉತ್ತರ: ಭ್ರಮೆ ಅಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಆಯ್ತು, ನೂರು ಭಾಗದಲ್ಲಿ 20 ಭಾಗ ಎಥನಾಲ್. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯೋಕೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಮೊದಲಿನಷ್ಟೇ ಪೆಟ್ರೋಲ್ ಹಾಕಿದ್ರೆ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಕ್ಸಿಜನ್ ಸೆನ್ಸರ್ ಇರೋ ಕಾರು ಅದನ್ನ ಕಂಡುಹಿಡಿದು ಸ್ವಲ್ಪ ಜಾಸ್ತಿ ಹಾಕ್ಕೊಳ್ಳುತ್ತೆ, ಸೆನ್ಸರ್ ಇಲ್ಲದ ಹಳೇದಕ್ಕೆ ಗೊತ್ತೇ ಆಗಲ್ಲ, ಪಿಕಪ್ ಕೊಟ್ಟಾಗ ತಡವರಿಸುತ್ತೆ. ಅಂಥ ಕಾರಿಗೆ ಮೊದ್ಲು ಗಾಳಿ ಸೋರಿಕೆ, ಪ್ರೆಶರ್ ಎರಡೂ ಸರಿ ಇದೆ ಅಂತ ಖಚಿತ ಮಾಡ್ಕೊಂಡು ಆಮೇಲೆ ಎಕ್ಸಾಸ್ಟ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಮೀಟರ್ ಇಟ್ಟು ಮಿಕ್ಸ್ಚರ್ ಒಂಚೂರು ರಿಚ್ (ಪೆಟ್ರೋಲ್ ಜಾಸ್ತಿ) ಮಾಡಿಸ್ಬಹುದು, ಕಿವಿ ಲೆಕ್ಕದಲ್ಲಿ ಬೇಡ.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರೋದು ರಬ್ಬರ್ ಬಗ್ಗೆ. ಹಳೇ ಕಾರಿನ ಹೋಸ್, ಓ ರಿಂಗ್ ಎಥನಾಲಿಗೆ ಅಂತ ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗಿ ಬಿರುಕು ಬಿಡುತ್ತೆ, ಇಂಜೆಕ್ಷನ್ ಕಾರಲ್ಲಿ ಪ್ರೆಶರ್ ಇರೋದ್ರಿಂದ ಬಿರುಕು ಬಿಟ್ರೆ ತೊಟ್ಟಿಕ್ಕಲ್ಲ, ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಚಿಮ್ಮುತ್ತೆ. ಇಂಜೆಕ್ಷನ್ ಪ್ರೆಶರಿಗೂ ಎಥನಾಲಿಗೂ ತಡೆಯೋ ಹೋಸನ್ನೇ ಕೇಳಿ ತಗೊಳ್ಳಿ, ಕಾರ್ಬುರೇಟರ್ ಹೋಸ್ ಬೇಡ, ಮೀಟರಿಗೆ ಇಷ್ಟು ಅಂತ ಉಳಿಸೋಕೆ ಹೋಗೋ ಜಾಗ ಇದಲ್ಲ. ಎಥನಾಲ್ ನೀರನ್ನೂ ಹೀರ್ಕೊಳ್ಳುತ್ತೆ, ತಿಂಗಳಾನುಗಟ್ಟಲೆ ಅರ್ಧ ಟ್ಯಾಂಕಲ್ಲಿ ನಿಲ್ಲಿಸಿದ ಕಾರಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುತ್ತೆ, ತುಕ್ಕು ಹಿಡಿಯುತ್ತೆ, ಆ ತುಕ್ಕೇ ಫಿಲ್ಟರಿಗೆ ಬಂದು ಕಟ್ಕೊಳ್ಳುತ್ತೆ. ನಿಮ್ಮ ಕಾರಿನ ಫಿಲ್ಟರ್ ಬಿಚ್ಚಿ, ಒಳಬರೋ ಕಡೆಯಿಂದ ಗಾಜಿನ ಲೋಟಕ್ಕೆ ಸುರೀರಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಕಂದು ಪುಡಿ ಅಥವಾ ಬೇರೆ ಪದರ ಕಂಡ್ರೆ ಟ್ಯಾಂಕ್ ಇಳಿಸಿ ತೊಳೆಸಿ, ಹೊಸ ಫಿಲ್ಟರ್ ಹಾಕಿ, ಆಮೇಲೆ ಪಿಕಪ್ ಹೇಗಿದೆ ಅಂತ ಗೇಜ್ ರೀಡಿಂಗ್ ಸಮೇತ ನನಗೆ ಬರೀರಿ.